ಮೂರು ನಾರ್ಮಲ್ ರಿಪೋರ್ಟುಗಳು

ಅಮ್ಮಾ,

'ನಾನಿಲ್ಲಿ ಕ್ಷೇಮ, ನೀನಲ್ಲಿ ಕ್ಷೇಮವೆಂದು ನಂಬಿದ್ದೇನೆ' ಎಂದು ಶುರು ಮಾಡಿ ಒಂದು ಹಾಳೆ ಹರಿದು ಹಾಕಿದೆ. ನೀನೂ ಕ್ಷೇಮವಾಗಿಲ್ಲ, ನಾನೂ ಕ್ಷೇಮವಾಗಿಲ್ಲ. ಸುಳ್ಳನ್ನು ಅಷ್ಟು ದುಂಡಗಿನ ಅಕ್ಷರದಲ್ಲಿ ಬರೆದು ಆಗಬೇಕಾದ್ದೇನು? ಫೋನು ಮಾಡಿದರೆ ನೀನು ಮಾತಾಡುವುದಿಲ್ಲ. 'ಹೇಗಿದ್ದೀಯಮ್ಮಾ' ಅಂದರೆ 'ನಾರ್ಮಲ್' ಅನ್ನುತ್ತೀಯ. 'ಊಟ ಆಯ್ತಾ' ಅಂದರೂ 'ನಾರ್ಮಲ್'. 'ಕಾಲು ಹೇಗಿದೆ' ಅಂದ ಕೂಡಲೇ ಫೋನನ್ನು ತಂಗಿಯ ಕೈಗೆ ದಾಟಿಸುತ್ತೀಯ. ಆ ಪದವನ್ನು ನಿನಗೆ ಕಲಿಸಿಕೊಟ್ಟವನು ನಾನೇ ಆದ್ದರಿಂದ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದೇನೆ. ಕಾಗದವಾದರೆ ಅರ್ಧಕ್ಕೆ ನಿಲ್ಲಿಸಿದರೂ ಮತ್ತೆ ಎತ್ತಿಕೊಂಡು ಓದಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮುಖ್ಯವಾದ ಮಾತು ಹೇಳಿಬಿಡುತ್ತೇನೆ. ಗುರುವಾರ ಬೆಳಗ್ಗೆ ಹತ್ತೂವರೆಗೆ ನೀನು ನರದ ಡಾಕ್ಟರಮ್ಮನ ಹತ್ತಿರ ಹೋಗಬೇಕು. ಹೋಗುವುದಿಲ್ಲ ಎಂದು ಹಟ ಹಿಡಿದು ಕೂತಿದ್ದೀಯಂತೆ. ಒಂದು ಸಲ ತಪ್ಪಿಸಿಯೂ ಆಗಿದೆ. ಇನ್ನೂ ತಡವಾದರೆ ಬೆರಳಿನ, ಪಾದದ ಸ್ಪರ್ಶ ಎಷ್ಟು ವಾಪಸ್ಸು ಬರುತ್ತದೋ ಹೇಳಲಾಗದು ಎಂದು ಅವರು ತಂಗಿಯ ಮುಂದೆ ಸ್ಪಷ್ಟವಾಗಿ ಹೇಳಿದ್ದಾರೆ. ನೀನು ಯಾಕೆ ಹೋಗುತ್ತಿಲ್ಲ ಅನ್ನುವುದನ್ನೂ ತಂಗಿ ನನಗೆ ಹೇಳಿದಳು. ಅದನ್ನು ಕೇಳಿದಾಗಿನಿಂದ ನನಗೆ ಸಿಟ್ಟು ನೆತ್ತಿಗೇರಿ ಕೂತಿದೆ. ಯಾರ ಮೇಲೆ ಅಂತ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಹದಿನಾಲ್ಕು ತಿಂಗಳ ಹಿಂದೆ ನೀನು ಮೊದಲ ಸಲ ಹೇಳಿದ ದಿನ ನನಗೆ ನೆನಪಿದೆ. ಮುಂದಿನ ಕೋಣೆಯಲ್ಲಿ, ಅಂದರೆ ನಿನ್ನ ಟೈಲರಿಂಗ್ ಅಂಗಡಿಯಲ್ಲಿ, ಕಿಟಕಿಯ ಪಕ್ಕದ ಮಿಷನ್ನಿನ ಮುಂದೆ ನೀನು ಕುಳಿತಿದ್ದೆ. ಪೆಡಲಿನಿಂದ ಪಾದ ಎತ್ತಿ ಅಂಗಾಲನ್ನು ತಿಕ್ಕಿಕೊಳ್ಳುತ್ತಾ ಹೇಳಿದೆ, "ಕಾಲಡಿ ಯಾರೋ ಹತ್ತಿ ಹಾಸಿದ ಹಾಗೆ ಆಗುತ್ತೆ ಕಣೋ. ನೆಲ ನೆಲದ ಹಾಗೇ ಇಲ್ಲ." ನಾನು ಬಾಗಿಲಲ್ಲಿ ನಿಂತು ಶೂ ಹಾಕಿಕೊಳ್ಳುತ್ತಿದ್ದೆ. ಹದಿನೆಂಟು ವರ್ಷದಿಂದ ಲ್ಯಾಬಿನಲ್ಲಿ ಜನರ ತೋಳಿಗೆ ಪಟ್ಟಿ ಕಟ್ಟಿ ರಕ್ತ ತೆಗೆದವನು, ನನಗೆ ಗೊತ್ತಿಲ್ಲದ ಕಾಯಿಲೆ ಉಂಟೇ? "ವಿಟಮಿನ್ ಕಮ್ಮಿ ಆಗಿರುತ್ತೆ ಬಿಡಮ್ಮ. ಇನ್ನು ಹತ್ತು ದಿನ ಬಿಟ್ಟು ಲ್ಯಾಬಿಗೆ ಬಾ, ಟೆಸ್ಟ್ ಮಾಡೋಣ" ಅಂದೆ. ಆ ವಾರ ನಮ್ಮಲ್ಲಿ ಇಬ್ಬರು ರಜೆಯಲ್ಲಿದ್ದರು, ಕೆಲಸ ಜಾಸ್ತಿ ಇತ್ತು, ಅದಕ್ಕೆ ಹತ್ತು ದಿನ. ಕಾಯಿಲೆಯ ಹೆಸರನ್ನು ನಾನು ಅವತ್ತೇ ಸರಿಯಾಗಿ ಹೇಳಿದ್ದೆ ಅನ್ನುವುದನ್ನು ನೆನೆಸಿಕೊಂಡರೆ ಇವತ್ತು ಹಣೆ ಚಚ್ಚಿಕೊಳ್ಳುವಂತಾಗುತ್ತದೆ.

ನೀನು ಬಂದೆ. ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ತಲೆ ನೀಟಾಗಿ ಬಾಚಿಕೊಂಡು, ಯಾವುದೋ ಸಮಾರಂಭಕ್ಕೆ ಹೊರಟವಳ ಹಾಗೆ ಬಂದೆ. ನನ್ನ ಜೊತೆಗೆ ಕೆಲಸ ಮಾಡುವವರೆಲ್ಲ ಎದ್ದು ನಿಂತು ಮಾತಾಡಿಸಿದರು. ನಾನೇ ರಕ್ತ ತೆಗೆದೆ, ನಾನೇ ಮಿಷನ್ನಿಗೆ ಹಾಕಿದೆ, ಫಲಿತಾಂಶಕ್ಕೆ ಪರಿಶೀಲಿಸಿದವನೆಂದು ನಾನೇ ಸಹಿ ಹಾಕಿದೆ. ವಿಟಮಿನ್ ಬಿ ಹನ್ನೆರಡು ನಾರ್ಮಲ್. ರಕ್ತಕಣಗಳು ನಾರ್ಮಲ್. ಸಂಜೆ ಕಾಗದವನ್ನು ನಿನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿ, "ನೋಡು, ನಿನ್ನ ರಕ್ತ ನನ್ನದಕ್ಕಿಂತ ಚೆನ್ನಾಗಿದೆ" ಅಂದೆ. ನೀನು ನಕ್ಕೆ. ಪಾಸಾದ ಮಕ್ಕಳು ನಗುವ ಹಾಗೆ ನಕ್ಕೆ. ಆ ನಗೆಗೆ ಬೇರೆಯೇ ಕಾರಣ ಇದ್ದೀತೆಂದು ನನಗೆ ಹೊಳೆಯಲಿಲ್ಲ.

ಆರು ತಿಂಗಳಾದ ಮೇಲೆ ಬಿಳಿ ಕೋಟಿನ ರಗಳೆ. ನಮ್ಮ ಲ್ಯಾಬಿಗೆಂದು ನೀನು ಆರು ಕೋಟು ಹೊಲಿದುಕೊಟ್ಟೆ. ಕಾಜಾಗಳನ್ನು ಕೈಯಲ್ಲೇ ಹಾಕಿದ್ದೆ. ಮಿಷನ್ ಕಾಜಾ ನಿನಗೆ ಆಗಿಬರುವುದಿಲ್ಲವಲ್ಲ, 'ಅದೇನು ಗುಂಡಿಗೆ ಮಾಡಿದ ಮನೆಯಾ, ಇಲಿ ಕಡಿದ ತೂತಾ' ಅನ್ನುವವಳು ನೀನು. ನಮ್ಮ ಮುಖ್ಯಸ್ಥೆ ತಮ್ಮ ಕೋಟು ಬಿಡಿಸಿ ನೋಡಿದರೆ ಎರಡನೇ ಕಾಜಾದ ಪಕ್ಕ ಕಂದು ಬಣ್ಣದ ಮೂರು ಚುಕ್ಕೆ. ರಕ್ತದ ಕಲೆ ಅಂತ ಲ್ಯಾಬಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಜಾಗಳೂ ಒಂದರ ಹಾಗೆ ಒಂದು ಇರಲಿಲ್ಲ. ಮನೆಗೆ ತಂದು ನಿನ್ನ ಮುಂದೆ ಹಿಡಿದು ರೇಗಿದೆ. "ಸೂಜಿ ಚುಚ್ಚಿದ್ದು ಗೊತ್ತಾಗಲಿಲ್ಲ ಕಣೋ" ಅಂದೆ ನೀನು. "ಚುಚ್ಚಿದ್ದು ಗೊತ್ತಾಗದೇ ಇರುತ್ತಾ ಯಾರಿಗಾದ್ರೂ?" ಅಂತ ನಾನು. ಯಾರಿಗೆ ಗೊತ್ತಾಗುವುದಿಲ್ಲ ಎಂದು ಅಲ್ಲೇ ಯೋಚಿಸಬೇಕಾಗಿತ್ತು. ನಾಚಿಕೆಯಿಂದ ನೀನು ಆರು ಕೋಟಿನ ಅಷ್ಟೂ ಕಾಜಾ ಬಿಚ್ಚಿ ಮತ್ತೆ ಹೊಲಿದೆ, ಅದಕ್ಕೆ ಎರಡು ವಾರ ಹಿಡಿಯಿತು. ಮೊದಲಾದರೆ ಒಂದು ಮಧ್ಯಾಹ್ನದ ಕೆಲಸ.

ಆಗ ಎರಡನೇ ಪರೀಕ್ಷೆ ಮಾಡಿಸಿದೆ. ಆ ಸಲವೂ ಮೊದಲೇ ದಿನ ಗೊತ್ತು ಮಾಡಿ ನಿನಗೆ ಹೇಳಿದ್ದೆ. ನಾರ್ಮಲ್. ಮೊದಲಿಗಿಂತ ಸಂಖ್ಯೆ ಸ್ವಲ್ಪ ಮೇಲೇ ಇತ್ತು. ನಮ್ಮ ಬೀದಿಯ ಡಾಕ್ಟರು ರಿಪೋರ್ಟು ನೋಡಿ, "ರಕ್ತದಲ್ಲಿ ಏನೂ ಇಲ್ಲ. ವಯಸ್ಸು, ಚಿಂತೆ, ಕೂತೇ ಮಾಡೋ ಕೆಲಸ" ಅಂತ ಮೂರು ಕಾರಣ ಕೊಟ್ಟು ಕಳಿಸಿದರು. ಮೂರೂ ಎಲ್ಲರಿಗೂ ಇರುವಂಥವೇ. ನಾನೂ ತಲೆಯಾಡಿಸಿ ಬಂದೆ.

ಆಮೇಲೆ ನೀನು ಬದಲಾದೆ. ಗಿರಾಕಿಗಳ ಅಳತೆ ಮರೆಯತೊಡಗಿದೆ. ನಿನಗೆ ಅಳತೆ ಪುಸ್ತಕವೇ ಬೇಕಿರಲಿಲ್ಲ, ಬಾಗಿಲಲ್ಲಿ ನಿಂತವರನ್ನು ಒಮ್ಮೆ ನೋಡಿದರೆ ಸಾಕಾಗಿತ್ತು. ಸಣ್ಣ ಸಣ್ಣ ವಿಷಯಕ್ಕೆ ಸಿಡುಕಿದೆ. ಕತ್ತರಿ ಕೈಯಿಂದ ಜಾರಿ ಬೀಳುತ್ತಿತ್ತು. ಪೆಡಲನ್ನು ಒತ್ತಿದ್ದೀಯೋ ಇಲ್ಲವೋ ಎಂದು ಬಗ್ಗಿ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದೆ. ಮೂರನೇ ಪರೀಕ್ಷೆಯೂ ಆಯಿತು, ಅದೂ ನಾರ್ಮಲ್. ಅವತ್ತು ಜಗಳವಾಯಿತು. ನಾನು ಹೇಳಿದ್ದನ್ನು ನೀನು ಮರೆತಿರಲಿಕ್ಕಿಲ್ಲ. "ನಿನಗೆ ಏನೂ ಆಗಿಲ್ಲಮ್ಮ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀಯ." ನೀನು ಎರಡೂ ಕೈಯನ್ನು ನನ್ನ ಮುಖದ ಮುಂದೆ ಹಿಡಿದು ಕೇಳಿದೆ, "ಹಾಗಾದ್ರೆ ಈ ಬೆರಳು ಸುಳ್ಳು ಹೇಳ್ತಿದೆಯಾ?" ನಾನು ಅಂದೆ, "ಮಿಷನ್ ಅಂತೂ ಸುಳ್ಳು ಹೇಳಲ್ಲ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ನೀನು ಅಂಗೈಯನ್ನೇ ತೋರಿಸಿದೆ, ನಾನು ಕನ್ನಡಿ ನೋಡುತ್ತಾ ಕೂತೆ. ಅವತ್ತಿನಿಂದ ನೀನು ಹೇಳುವುದನ್ನೇ ನಿಲ್ಲಿಸಿದೆ. ನಾನು ಎಂಥ ದಡ್ಡನೆಂದರೆ, ಹೇಳುವುದು ನಿಂತಿತಲ್ಲ, ಕಡಿಮೆಯಾಗಿದೆ ಅಂದುಕೊಂಡೆ.

ಬಚ್ಚಲಲ್ಲಿ ನೀನು ಬಿದ್ದಾಗಲೂ ನಾನು ನೆಲ ಒದ್ದೆಯಾಗಿತ್ತು ಅಂದೆ. ಒದ್ದೆಯಿರಲಿಲ್ಲ. ಮುಖಕ್ಕೆ ಸೋಪು ಹಚ್ಚಿ ನೀನು ಕಣ್ಣು ಮುಚ್ಚಿದೆ, ಅಷ್ಟಕ್ಕೇ ಬಿದ್ದೆ. ಪಾದಕ್ಕೆ ನೆಲ ತಿಳಿಯದವರು ಕಣ್ಣಿನ ಆಧಾರದಲ್ಲೇ ನಿಂತಿರುತ್ತಾರೆ, ಕಣ್ಣು ಮುಚ್ಚಿದರೆ ಆಧಾರ ಹೋಗುತ್ತದೆ. ಇದನ್ನು ಆಮೇಲೆ ನರದ ಡಾಕ್ಟರಮ್ಮ ವಿವರಿಸಿದರು. ತಂಗಿ ಬಂದು ನಿನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಹೋಗುವಾಗ ನನಗೊಂದು ಮಾತು ಹೇಳಿದಳು, "ಅಣ್ಣಾ, ನೀನು ಅಮ್ಮನ ರಕ್ತ ನೋಡಿದ್ದೀಯ, ಅಮ್ಮನ್ನ ನೋಡಿಲ್ಲ." ನನಗೆ ಕೆಂಡದಂಥ ಕೋಪ ಬಂತು. ಎರಡು ದಿನ ಅವಳ ಫೋನು ಎತ್ತಲಿಲ್ಲ.

ಆ ಎರಡು ದಿನದಲ್ಲಿ ಅವಳು ನಿನ್ನನ್ನು ನರದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿದ್ದಳು. ಅವರು ಒಂದು ಕವಲುಕಡ್ಡಿಯಂಥ ಕಬ್ಬಿಣವನ್ನು ತಟ್ಟಿ, ಅದು ಝುಂ ಎನ್ನುತ್ತಿರುವಾಗಲೇ ನಿನ್ನ ಹಿಮ್ಮಡಿ ಗಂಟಿನ ಮೇಲೆ ಇಟ್ಟರಂತೆ. "ಏನಾದ್ರೂ ಗೊತ್ತಾಗ್ತಿದೆಯಾ?" "ತಣ್ಣಗಿದೆ." "ನಡುಗೋದು?" "ಏನು ನಡುಗೋದು?" ಅಷ್ಟು ಸಾಕಾಯಿತು ಅವರಿಗೆ. ಹದಿನಾಲ್ಕು ತಿಂಗಳು, ಮೂರು ಸಲ ರಕ್ತ, ದೊಡ್ಡದೊಂದು ಕೋಣೆ ತುಂಬ ಮಿಷನ್ನು ಇಟ್ಟುಕೊಂಡು ನನಗೆ ಕಾಣದೇ ಇದ್ದದ್ದು ಅವರಿಗೆ ಒಂದು ಕಬ್ಬಿಣದ ಕಡ್ಡಿಯಲ್ಲಿ ಕಂಡಿತು.

ಅವರು ನನಗೇ ಫೋನು ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ವಾಸಿಯಿತ್ತು. "ಲಕ್ಷಣ ಎಲ್ಲ ಬಿ ಹನ್ನೆರಡರ ಕೊರತೆದೇ. ರಿಪೋರ್ಟ್ ಮಾತ್ರ ಮೂರೂ ನಾರ್ಮಲ್. ಫಾರಂನಲ್ಲಿ 'ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳು' ಅನ್ನೋ ಕಡೆ 'ಇಲ್ಲ' ಅಂತಿದೆ. ಯಾರು ತುಂಬಿದ್ದು?"

"ನಾನೇ ಡಾಕ್ಟ್ರೇ."

"ಅವರನ್ನ ಕೇಳಿ ತುಂಬಿದ್ರಾ?"

ಅಮ್ಮಾ, ದಾರಿಹೋಕರನ್ನು ನಾನು ಕೇಳುತ್ತೇನೆ. ಕೌಂಟರಿಗೆ ಬಂದ ಪ್ರತಿಯೊಬ್ಬರನ್ನೂ, 'ಯಾವುದಾದ್ರೂ ಮಾತ್ರೆ ತಗೋತಿದ್ದೀರಾ? ಶಕ್ತಿ ಮಾತ್ರೆ, ಹೊಟ್ಟೆ ಮಾತ್ರೆ, ಯಾವುದೇ ಆಗ್ಲಿ, ನೆನಪು ಮಾಡ್ಕೊಂಡು ಹೇಳಿ' ಎಂದು ಎರಡೆರಡು ಸಲ ಕೇಳುತ್ತೇನೆ. ಹೊಸದಾಗಿ ಸೇರಿದವರಿಗೂ ಹಾಗೇ ಕಲಿಸಿದ್ದೇನೆ. ನಿನ್ನ ಫಾರಂ ಬಂದಾಗ ಮಾತ್ರ ಕೇಳಲಿಲ್ಲ. ನನ್ನ ತಾಯಿಯ ವಿಷಯ ನನಗೆ ಗೊತ್ತಿಲ್ಲವೇ? ಮೂರು ಸಲವೂ ನೀನು ಎದುರಿಗೇ ಕೂತಿದ್ದೆ, ಮೂರು ಸಲವೂ ನಾನು ನಿನ್ನ ಮುಖ ನೋಡದೆ 'ಇಲ್ಲ' ಎಂದು ಬರೆದೆ. ಹನ್ನೊಂದು ವರ್ಷದಿಂದ ಬೆಳಗ್ಗೆ ಎದ್ದ ಕೂಡಲೇ ಹೊಟ್ಟೆಯುರಿಗೆ ನೀನು ನುಂಗುವ ಮಾತ್ರೆಯನ್ನೂ ಬರೆಯಲಿಲ್ಲ. ಅದು ನಮ್ಮ ಮನೆಯಲ್ಲಿ ಔಷಧಿಯೇ ಅಲ್ಲ, ಹಲ್ಲುಪುಡಿಯ ಪಕ್ಕದಲ್ಲಿರುವ ಒಂದು ಡಬ್ಬಿ. ಊಟದಲ್ಲಿರುವ ವಿಟಮಿನ್ ಮೈಗೆ ಹತ್ತದಂತೆ ಮಾಡಿದ್ದು ಬಹುಶಃ ಅದೇ ಅನ್ನುತ್ತಾರೆ ಡಾಕ್ಟರಮ್ಮ.

ಇನ್ನೊಂದು ಡಬ್ಬಿಯ ಕಥೆ ತಂಗಿಯಿಂದ ಗೊತ್ತಾಯಿತು. ಡಾಕ್ಟರಮ್ಮ ಕೇಳಿದ್ದಕ್ಕೆ ನೀನು ತಲೆ ತಗ್ಗಿಸಿ ಹೇಳಿದೆಯಂತೆ. ಪ್ರತಿ ಸಲ ನಾನು ತಾರೀಖು ಹೇಳಿದ ಮಾರನೇ ದಿನ ಮೂಲೆಯ ಮೆಡಿಕಲ್ ಶಾಪಿಗೆ ಹೋಗಿ 'ರಕ್ತ ಚೆನ್ನಾಗಿ ಕಾಣೋ ಮಾತ್ರೆ ಕೊಡಪ್ಪ' ಅಂತ ಕೇಳಿ, ವಿಟಮಿನ್ ಮಾತ್ರೆ ತಂದು ಹತ್ತು ದಿನ ನುಂಗುತ್ತಿದ್ದೆಯಂತೆ. ಪರೀಕ್ಷೆ ಮುಗಿದ ಮೇಲೆ ಬಿಟ್ಟುಬಿಡುತ್ತಿದ್ದೆಯಂತೆ. ಯಾಕೆ ಅಂದರೆ, "ಪರೀಕ್ಷೆಗೆ ತಯಾರಿ ಇಲ್ದೆ ಹೋಗೋಕಾಗುತ್ತಾ? ಅಲ್ಲಿ ಅವನ ಜೊತೆ ಕೆಲಸ ಮಾಡೋರೆಲ್ಲ ನನ್ನ ರಕ್ತ ನೋಡ್ತಾರೆ. ತಾಯಿ ರಕ್ತವೇ ಕೆಟ್ಟಿದ್ರೆ ಮಗನ ಮರ್ಯಾದೆ ಏನಾಗುತ್ತೆ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಮ್ಮಾ, ರಕ್ತ ಪರೀಕ್ಷೆ ಅಂದರೆ ಗಿರಾಕಿಗೆ ಒಪ್ಪಿಸುವ ಉಡುಪೇ, ದಾರ ಕತ್ತರಿಸಿ ಇಸ್ತ್ರಿ ಹಾಕಿ ಕೊಡುವುದಕ್ಕೆ? ಹೊಲಿಗೆ ಬಿಟ್ಟಿದ್ದನ್ನು ಬಿಟ್ಟ ಹಾಗೇ ತೋರಿಸಬೇಕಾದ ಜಾಗ ಅದು. ನೀನು ಹತ್ತು ದಿನ ಮಾತ್ರೆ ನುಂಗಿದರೆ ರಕ್ತದಲ್ಲಿ ವಿಟಮಿನ್ ಏರುತ್ತದೆ, ಸಂಖ್ಯೆ ಚೆನ್ನಾಗಿ ಬರುತ್ತದೆ. ವರ್ಷಗಟ್ಟಲೆ ಬರಿದಾದ ನರಕ್ಕೆ ಆ ಹತ್ತು ದಿನ ಯಾವ ಮೂಲೆಗೂ ಸಾಲದು. ಕಪಾಟಿನಲ್ಲಿ ಎಷ್ಟು ಉಂಡೆ ದಾರ ಇದೆ ಎಂದು ನಾವು ಎಣಿಸಿದೆವು, ಸೂಜಿಗೆ ಬಂತೋ ಇಲ್ಲವೋ ನೋಡಲಿಲ್ಲ. ಅದೇ ಮಾತ್ರೆಯಲ್ಲಿ ಫೋಲಿಕ್ ಆಮ್ಲವೂ ಇತ್ತು. ಅದು ರಕ್ತಕಣಗಳನ್ನು ಮಾತ್ರ ನೇರ್ಪು ಮಾಡಿ, ನರ ಹಾಳಾಗುತ್ತಿರುವುದನ್ನು ಹಾಗೇ ಬಿಟ್ಟಿತು. ಹಾಗಾಗಿ ಆ ಕಡೆಯಿಂದಲೂ ನಮಗೆ ಸುಳಿವು ಸಿಗಲಿಲ್ಲ. ವಿಟಮಿನ್ ಒಳಗೆ ತನ್ನ ಕೆಲಸ ಮಾಡುತ್ತಿದೆಯೋ ಎಂದು ತಿಳಿಯುವ ಪರೀಕ್ಷೆ ಬೇರೆಯೇ ಇದೆ. ಕೆಲಸ ನಿಂತಾಗ ಮೈಯಲ್ಲಿ ಗುಡ್ಡೆ ಬೀಳುವ ಕಸವನ್ನು ಅದು ಅಳೆಯುತ್ತದೆ. ಅದರ ಹೆಸರು ನನಗೆ ಗೊತ್ತಿತ್ತು. ಸಂಖ್ಯೆಗೂ ಲಕ್ಷಣಕ್ಕೂ ತಾಳೆಯಾಗದಿದ್ದರೆ ಅದನ್ನು ಮಾಡಿಸಬೇಕು ಅನ್ನುವುದೂ ಗೊತ್ತಿತ್ತು. ಓದಿದ್ದು ಬೇರೆ, ತಾಯಿಯ ಕೈ ನೋಡಿ ಅದು ನೆನಪಾಗುವುದು ಬೇರೆ.

ನಿನ್ನ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಮೂರು ಸಲ ನುಂಗಿದೆಯಲ್ಲ, ಒಂದು ಸಲ ಬಾಯಿ ಬಿಡಬಾರದಿತ್ತೇ? ಕೈ ಮರಗಟ್ಟುತ್ತಿದೆ ಎಂದು ಗೋಗರೆಯುವವಳು ನೀನೇ, ಅದು ಕಾಣದಂತೆ ಬಣ್ಣ ಬಳಿದು ತರುವವಳೂ ನೀನೇ. ಆ ಮೆಡಿಕಲ್ ಶಾಪಿನವನ ಮೇಲೂ ಸಿಟ್ಟಿದೆ, ಯಾಕೆ ಎಂದು ಒಂದು ಮಾತು ಕೇಳದೆ ಕೊಟ್ಟನಲ್ಲ. ಬೀದಿಯ ಡಾಕ್ಟರ ಮೇಲೂ ಇದೆ, ನಿನ್ನ ಪಾದವನ್ನು ಮುಟ್ಟದೆ ಕಾಗದವನ್ನೇ ಮುಟ್ಟಿ ನೋಡಿದರಲ್ಲ. ಎಲ್ಲರನ್ನೂ ಬೈದು ಮುಗಿಸಿದ ಮೇಲೆ ಕೊನೆಗೆ ಉಳಿಯುವವನು ನಾನೇ. 'ಮಾತ್ರೆ ಏನಾದ್ರೂ ತಗೋತಿದ್ದೀಯಾಮ್ಮಾ' ಎಂದು ಒಂದು ಸಲ ಕೇಳಿದ್ದರೆ ನೀನು ಸುಳ್ಳು ಹೇಳುತ್ತಿರಲಿಲ್ಲ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಕೇಳದೇ ಇದ್ದರೆ ಹೇಳದೇ ಇರಲು ಮಾತ್ರ ಬರುತ್ತದೆ.

ಈಗ ನೀನು ಹೋಗುವುದಿಲ್ಲ ಅನ್ನುವುದಕ್ಕೆ ಕೊಟ್ಟ ಕಾರಣಕ್ಕೆ ಬರುತ್ತೇನೆ. ತಂಗಿ ನಿನ್ನ ಮಾತನ್ನು ನೀನು ಹೇಳಿದ ಹಾಗೇ ಹೇಳಿದಳು. "ಮೂರು ಕಾಗದದ ಮೇಲೂ ಅವನ ಸಹಿ ಇದೆ ಕಣೇ. ಈಗ ಇನ್ನೊಂದು ಕಡೆ ಪರೀಕ್ಷೆ ಮಾಡಿ ಕೊರತೆ ಇತ್ತು ಅಂತ ಬಂದ್ರೆ, ಅವನು ತಪ್ಪು ಮಾಡಿದ ಅಂತಾಗುತ್ತೆ. ಹದಿನೆಂಟು ವರ್ಷದ ಕೆಲಸ. ನನ್ನ ಬೆರಳು ಎಷ್ಟು ಹೊಲೀಬೇಕೋ ಅಷ್ಟು ಹೊಲಿದಾಯ್ತು, ಬಿಡು."

ಇದನ್ನು ಕೇಳಿ ನಾನು ಲ್ಯಾಬಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೊದಲು ನನ್ನ ಮರ್ಯಾದೆಗೋಸ್ಕರ ಕಾಯಿಲೆ ಮುಚ್ಚಿದೆ. ಈಗ ನನ್ನ ಕೆಲಸಕ್ಕೋಸ್ಕರ ಕಾಲನ್ನೇ ಬಿಟ್ಟುಕೊಡಲು ಹೊರಟಿದ್ದೀಯ. ಯಾರು ಕೇಳಿದರು ನಿನ್ನನ್ನು? ನನ್ನ ಸಹಿಗೆ ನಿನ್ನ ಹತ್ತು ಬೆರಳಿನ ಬೆಲೆಯೇ? ಆ ಬೆರಳು ಹಾಕಿದ ಕಾಜಾದಿಂದಲೇ ಅಲ್ಲವೇ ನಾನು, ತಂಗಿ ಇಬ್ಬರೂ ಓದಿದ್ದು?

ಅದಕ್ಕೇ ಸೋಮವಾರ ಬೆಳಗ್ಗೆ ನಮ್ಮ ಮುಖ್ಯಸ್ಥೆಯ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಸ್ವಂತ ತಾಯಿಯ ಫಾರಂ ಕೇಳದೆ ತುಂಬಿದ್ದು, ಸ್ವಂತ ತಾಯಿಯ ರಿಪೋರ್ಟಿಗೆ ಬೇರೆಯವರಿಗೆ ತೋರಿಸದೆ ಸಹಿ ಮಾಡಿದ್ದು, ಎಲ್ಲ. ಅವರು ಮೂರೂ ರಿಪೋರ್ಟು ತರಿಸಿ ನೋಡಿದರು. ಆಮೇಲೆ, "ನನ್ನ ಕೋಟಿನ ಮೇಲಿನ ಚುಕ್ಕೆ ನಾನೂ ನೋಡಿದ್ದೆ. ನನಗೂ ಹೊಳೀಲಿಲ್ಲವಲ್ಲ" ಅಂದರು. ಹಾಗಂತ ಬಿಡಲಿಲ್ಲ. ಮೂರೂ ರಿಪೋರ್ಟಿನ ಜೊತೆ ತಿದ್ದುಪಡಿ ಟಿಪ್ಪಣಿ ಸೇರಿದೆ, ಅದನ್ನು ನನ್ನ ಕೈಯಿಂದಲೇ ಬರೆಸಿದರು. ಆರು ತಿಂಗಳು ನಾನು ಯಾವ ರಿಪೋರ್ಟಿಗೂ ಸಹಿ ಹಾಕುವಂತಿಲ್ಲ. ಕೌಂಟರಿನಲ್ಲಿ ಕೂತು ಫಾರಂ ತುಂಬಿಸುವ ಕೆಲಸ ಕೊಟ್ಟಿದ್ದಾರೆ. ಕೆಲಸವೇನೂ ಹೋಗಿಲ್ಲ. ಹೋಗಿದ್ದರೂ ಇದೇ ಕಾಗದ ಬರೆಯುತ್ತಿದ್ದೆ.

ಆದ್ದರಿಂದ ನೀನು ಕಾಪಾಡಬೇಕಾದ್ದು ಇನ್ನೇನೂ ಉಳಿದಿಲ್ಲ. ನನ್ನ ತಪ್ಪು ಊರಿಗೆಲ್ಲ ಗೊತ್ತಾಗಿದೆ. ನೀನು ನುಂಗಿದ್ದೂ ಬರೆದಿದೆ, ನಾನು ಕೇಳದ್ದೂ ಬರೆದಿದೆ. ಇನ್ನು ಯಾರ ಮಾನ ಉಳಿಸಲು ಮನೆಯಲ್ಲಿ ಕೂರುತ್ತೀಯ?

ಗುರುವಾರ ಡಾಕ್ಟರಮ್ಮ ರಕ್ತ ತೆಗೆದು ನಾನು ಹೇಳಿದ ಆ ಬೇರೆ ಪರೀಕ್ಷೆಗೆ ಇನ್ನೊಂದು ಲ್ಯಾಬಿಗೆ ಕಳಿಸುತ್ತಾರೆ. ಅದರ ಉತ್ತರಕ್ಕೆ ಕಾಯುವುದಿಲ್ಲ, ಅವತ್ತೇ ಮೊದಲ ಇಂಜೆಕ್ಷನ್ ಕೊಡುತ್ತಾರೆ. ಆಮೇಲೆ ಕೆಲವು ವಾರ ದಿನ ಬಿಟ್ಟು ದಿನ. ಗುರುವಾರದತನಕ ಯಾವ ಮಾತ್ರೆಯನ್ನೂ ನಿನ್ನಷ್ಟಕ್ಕೆ ಶುರು ಮಾಡಬೇಡ, ನಿಲ್ಲಿಸಲೂ ಬೇಡ. ಕಾಗದದಲ್ಲಿ ಏನು ಬರುತ್ತದೋ ಬರಲಿ, 'ಅವರ ಕಾಲು ಹೇಳ್ತಾ ಇದೆಯಲ್ಲ, ಅದು ಸಾಕು ನನಗೆ' ಅಂದಿದ್ದಾರೆ. ಎಷ್ಟು ವಾಸಿಯಾಗುತ್ತದೆ ಎಂದು ನಾನು ಕೇಳಿದೆ. ನಡಿಗೆ ಸುಧಾರಿಸಬಹುದು, ಬೆರಳಿನದ್ದು ಪೂರ್ತಿ ಹೇಳಲಾಗದು ಅಂದರು. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಸೂಜಿ ಹಿಡಿಯುವ ಕೈ ವಾಪಸ್ಸು ಬರುತ್ತದೆಂದು ಮಾತು ಕೊಡುವ ಯೋಗ್ಯತೆ ನನಗಿಲ್ಲ.

ಹೊರಡುವ ಹೊತ್ತಿಗೆ ನಾನು ತಂಗಿಯ ಮನೆಯ ಬಾಗಿಲಲ್ಲಿರುತ್ತೇನೆ. ಬಾಚಿಕೊಳ್ಳಬೇಡ, ಒಳ್ಳೆ ಬಟ್ಟೆ ಹುಡುಕಬೇಡ, ಇದ್ದ ಹಾಗೇ ಬಾ. ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದುಕೋ. ದಾರಿಯುದ್ದಕ್ಕೂ ಎಲ್ಲಿ ಜೋಮು, ಎಲ್ಲಿ ಉರಿ, ಯಾವಾಗಿಂದ, ಎಲ್ಲ ಹೇಳು. ಹದಿನಾಲ್ಕು ತಿಂಗಳದ್ದು ಬಾಕಿಯಿದೆ, ನಾನು ಕೇಳುತ್ತೇನೆ. ನಡುವೆ ಬಾಯಿ ಹಾಕುವುದಿಲ್ಲ.

ಕಾಗದದ ಕೊನೆಯಲ್ಲಿ ಮಕ್ಕಳು ತಾಯಿಯ ಆಶೀರ್ವಾದ ಬೇಡುವುದು ವಾಡಿಕೆ. ಈ ಸಲ ನನಗೆ ಆಶೀರ್ವಾದ ಬೇಡ, ಬೈಗುಳ ಕೊಡು. ಬಾಯ್ತುಂಬ ಬೈಯಿ. ಆದರೆ ಫೋನಿನಲ್ಲಿ ಬೇಡ, ಗುರುವಾರ ಬಂದು ಎದುರಿಗೇ ಬೈಯಿ. ನಿನ್ನ ಕಾಲಿಗೆ ನೆಲ ಮತ್ತೆ ನೆಲದ ಹಾಗೆ ತಿಳಿಯಲಿ.

ನೀನು ಹೇಳಿದ್ದು ನಿಜ ಎಂದು ಹದಿನಾಲ್ಕು ತಿಂಗಳು ತಡವಾಗಿ ಒಪ್ಪಿಕೊಂಡಿರುವ,
ನಿನ್ನ ಮಗ